ಕಲಿಕೆಯ ಕ್ಲಾರಿನೆಟ್: ಮರ, ಪ್ಲಾಸ್ಟಿಕ್ ಮತ್ತು ಬಿಡಿಭಾಗಗಳ ಲೆಕ್ಕ

ಪೊಲೀಸ್ ಬ್ಯಾಂಡಿನಲ್ಲಿ, ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್ಟಿನಲ್ಲಿ, ಕೆಲವು ಶಾಲೆಗಳ ವಾದ್ಯವೃಂದದಲ್ಲಿ ಕಾಣುವ ಉದ್ದನೆಯ ಕಪ್ಪು ಕೊಳವೆಯೇ ಕ್ಲಾರಿನೆಟ್. ಮೈಮೇಲೆ ಹೊಳೆಯುವ ಲೋಹದ ಕೀಗಳು, ತುದಿಯಲ್ಲಿ ಒಂದೇ ಒಂದು ರೀಡು. ಜರ್ಮನಿಯ ನ್ಯೂರೆಂಬರ್ಗ್ ನಗರದ ಯೋಹಾನ್ ಕ್ರಿಸ್ಟಾಫ್ ಡೆನ್ನರ್ ಸುಮಾರು 1700ರಲ್ಲಿ ರೂಪಿಸಿದ ಈ ವಾದ್ಯ 19ನೆಯ ಶತಮಾನದಲ್ಲಿ ದಕ್ಷಿಣ ಭಾರತದ ನೃತ್ಯಮೇಳಗಳಿಗೆ ಬಂದಿತು. ಮುಂದೆ ತಮಿಳುನಾಡಿನ ಎ.ಕೆ.ಸಿ. ನಟರಾಜನ್ ಅದನ್ನು ಕರ್ನಾಟಕ ಸಂಗೀತ ಕಛೇರಿಯ ವಾದ್ಯವನ್ನಾಗಿ ಮಾಡಿದರು. ನಮ್ಮ ರಾಯಚೂರು ಸೀಮೆಯ ನರಸಿಂಹಲು ವಡವಾಟಿಯವರು ಹಿಂದೂಸ್ತಾನಿ ಸಂಗೀತದಲ್ಲಿ ಅದಕ್ಕೆ ಹೆಸರು ತಂದರು.

ಶಾಲೆಯೊಂದು ವಾದ್ಯವೃಂದ ಕಟ್ಟಲು ಹೊರಟಾಗ, ಅಥವಾ ವಿದ್ಯಾರ್ಥಿಯೊಬ್ಬ ಮೊದಲ ಕ್ಲಾರಿನೆಟ್ ಕೊಳ್ಳಲು ಹೊರಟಾಗ ಕೇಳಿಬರುವ ಮೊದಲ ಪ್ರಶ್ನೆ, 'ಮರದ್ದೋ, ಪ್ಲಾಸ್ಟಿಕ್ಕಿನದೋ?' ಮರದ ವಾದ್ಯದ ನಾದ 'ಬೆಚ್ಚಗೆ' ಇರುತ್ತದೆ, ಪ್ಲಾಸ್ಟಿಕ್ಕಿನದು 'ಒಣಕಲು' ಎಂಬ ಮಾತು ಪ್ರಚಲಿತವಾಗಿದೆ. ಈ ಮಾತನ್ನು ನಂಬಿ ಕೊಂಡ ವಾದ್ಯ ಎರಡು ಮೂರು ವರ್ಷಗಳಲ್ಲಿ ಒಂದು ಕೀ ಮುರಿದು, ಅದಕ್ಕೆ ಬದಲಿ ಸಿಗದೆ, ಪೆಟ್ಟಿಗೆಯಲ್ಲೇ ಉಳಿದುಬಿಡುವುದುಂಟು. ಹಣ ಹೋಗುವುದರ ಜೊತೆಗೆ ಮಗುವಿನ ಕಲಿಕೆಯೂ ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ ಈ ಆಯ್ಕೆಯಲ್ಲಿ ಭೌತವಿಜ್ಞಾನ ಏನು ಹೇಳುತ್ತದೆ ಎಂಬುದನ್ನು ನೋಡುವುದು ಉಪಯುಕ್ತ. ಧ್ವನಿವಿಜ್ಞಾನದ ಪಾಠದಲ್ಲಿ ಬರುವ ಮುಚ್ಚಿದ ಕೊಳವೆ, ಸ್ಥಾಯೀ ತರಂಗ, ಉಷ್ಣ ವ್ಯಾಕೋಚನ ಇವೆಲ್ಲ ಇಲ್ಲಿ ನೇರವಾಗಿ ಬಳಕೆಗೆ ಬರುತ್ತವೆ.

ನಾದ ಹುಟ್ಟುವ ಬಗೆ

ಕ್ಲಾರಿನೆಟ್ಟಿನ ಒಳಕೊಳವೆ ಬಹುಪಾಲು ಸಿಲಿಂಡರ್ ಆಕಾರದ್ದು. ಒಳವ್ಯಾಸ ಸುಮಾರು 15 ಮಿ.ಮೀ. ಮೌತ್‌ಪೀಸಿಗೆ ಕಟ್ಟಿದ ರೀಡಿನ ತುದಿಗೂ ಮೌತ್‌ಪೀಸಿನ ತುದಿಗೂ ನಡುವೆ ಸುಮಾರು 1 ಮಿ.ಮೀ. ಅಂತರವಿರುತ್ತದೆ. ವಾದಕ ಊದಿದಾಗ ರೀಡು ಕಂಪಿಸಿ, ಗಾಳಿಯನ್ನು ಬಿಟ್ಟು ಬಿಟ್ಟು ಒಳಕ್ಕೆ ಕಳಿಸುತ್ತದೆ. ಈ ಸ್ಪಂದನ ಕೊಳವೆಯ ಉದ್ದಕ್ಕೂ ಸಾಗಿ, ತೆರೆದ ತುದಿಯಲ್ಲಿ ಪ್ರತಿಫಲಿಸಿ ಹಿಂದಿರುಗುತ್ತದೆ. ಹಿಂದಿರುಗಿದ ಒತ್ತಡವೇ ರೀಡಿನ ಮುಂದಿನ ಕಂಪನವನ್ನು ನಿರ್ಧರಿಸುತ್ತದೆ. ಹೀಗೆ ಕೊಳವೆಯೊಳಗಿನ ಗಾಳಿಯ ಕಂಬದಲ್ಲಿ ಸ್ಥಾಯೀ ತರಂಗ ನೆಲೆಗೊಳ್ಳುತ್ತದೆ.

ರೀಡಿನ ತುದಿ ಧ್ವನಿಯ ದೃಷ್ಟಿಯಿಂದ ಮುಚ್ಚಿದ ತುದಿ. ಅಲ್ಲಿ ಒತ್ತಡದ ಏರಿಳಿತ ಗರಿಷ್ಠ. ತೆರೆದ ತುದಿಯಲ್ಲಿ ಅದು ಶೂನ್ಯಕ್ಕೆ ಹತ್ತಿರ. ಆದುದರಿಂದ ಅತಿ ಕೆಳಗಿನ ಸ್ವರದ ತರಂಗದೂರ ಕೊಳವೆಯ ಉದ್ದದ ನಾಲ್ಕರಷ್ಟು. ಸಾಮಾನ್ಯ ಬಿ-ಫ್ಲ್ಯಾಟ್ ಕ್ಲಾರಿನೆಟ್ಟಿನ ಅತಿ ಕೆಳಗಿನ ಸ್ವರ ಸುಮಾರು 147 ಹರ್ಟ್ಸ್. ಶಬ್ದದ ವೇಗವನ್ನು ಸೆಕೆಂಡಿಗೆ 345 ಮೀಟರ್ ಎಂದು ಇಟ್ಟುಕೊಂಡರೆ ತರಂಗದೂರ 2.35 ಮೀಟರ್, ಅದರ ಕಾಲುಭಾಗ ಸುಮಾರು 59 ಸೆಂ.ಮೀ. ಅಳತೆಪಟ್ಟಿ ಇಟ್ಟು ನೋಡಿದರೆ ವಾದ್ಯದ ಉದ್ದ ಸುಮಾರು 66 ಸೆಂ.ಮೀ. ಇರುತ್ತದೆ. ಕೆಳತುದಿ ಗಂಟೆಯಂತೆ ಅಗಲವಾಗುವುದರಿಂದ ತರಂಗ ಕೊನೆಯವರೆಗೂ ಹೋಗದೆ ಸ್ವಲ್ಪ ಮೊದಲೇ ಪ್ರತಿಫಲಿಸುವುದು ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ. ಹೆಚ್ಚುಕಡಿಮೆ ಇಷ್ಟೇ ಉದ್ದವಿರುವ ಪಾಶ್ಚಾತ್ಯ ಕೊಳಲಿನ ಅತಿ ಕೆಳಗಿನ ಸ್ವರ 262 ಹರ್ಟ್ಸ್. ಏಕೆಂದರೆ ಕೊಳಲು ಎರಡೂ ತುದಿ ತೆರೆದ ಕೊಳವೆ.

ಮುಚ್ಚಿದ ಕೊಳವೆಯಲ್ಲಿ 1, 3, 5... ಹೀಗೆ ಬೆಸಸಂಖ್ಯೆಯ ಸಂಗತಗಳೇ ಪ್ರಬಲವಾಗಿರುತ್ತವೆ. ಕ್ಲಾರಿನೆಟ್ಟಿನ ಕೆಳಗಿನ ಸ್ವರಗಳಿಗೆ ಅದರದೇ ಆದ ಗುಣ ಬರುವುದು ಇದರಿಂದ. ಈ ವಿವರಣೆಯಲ್ಲೆಲ್ಲೂ ಕೊಳವೆ ಯಾವ ವಸ್ತುವಿನದು ಎಂಬ ಪ್ರಸ್ತಾಪ ಬರಲಿಲ್ಲ ಎಂಬುದನ್ನು ಗಮನಿಸಿ. ಕಂಪಿಸುತ್ತಿರುವುದು ಗಾಳಿ, ಕೊಳವೆ ಆ ಗಾಳಿಗೆ ಆಕಾರ ಕೊಡುತ್ತದೆ.

ಗೋಡೆಯ ಪಾಲೆಷ್ಟು?

ವೀಣೆ, ಸಿತಾರ್, ಪಿಟೀಲುಗಳ ಮಾತು ಬೇರೆ. ಅಲ್ಲಿ ತಂತಿಯ ಕಂಪನವನ್ನು ಮರದ ಹಲಗೆಯೇ ಗಾಳಿಗೆ ತಲುಪಿಸಬೇಕು. ಮರ ಬದಲಾದರೆ ನಾದ ಬದಲಾಗುತ್ತದೆ. ಕ್ಲಾರಿನೆಟ್ಟಿನಲ್ಲಿ ನಾದ ಹೊರಬರುವುದು ತೆರೆದ ರಂಧ್ರಗಳಿಂದ ಮತ್ತು ಬೆಲ್‌ನಿಂದ. ಸುಮಾರು 7 ಮಿ.ಮೀ. ದಪ್ಪದ ಗೋಡೆ ಒಳಗಿನ ಒತ್ತಡಕ್ಕೆ ಅಲುಗಾಡುವುದು ಅತ್ಯಲ್ಪ. ಅಮೆರಿಕದ ಭೌತವಿಜ್ಞಾನಿ ಜಾನ್ ಬ್ಯಾಕಸ್ 1964ರಲ್ಲಿ ಪ್ರಕಟಿಸಿದ ಅಳತೆಗಳು ಇದನ್ನು ಸ್ಪಷ್ಟಪಡಿಸಿದವು: ಸುಷಿರ ವಾದ್ಯಗಳ ಗೋಡೆಯ ಕಂಪನ ಸ್ಥಿರ ನಾದದ ಗುಣಕ್ಕೆ ಗಣನೀಯ ಕೊಡುಗೆ ನೀಡುವುದಿಲ್ಲ. 1971ರಲ್ಲಿ ಜಾನ್ ಕೋಲ್ಟ್‌ಮನ್ ಬೆಳ್ಳಿ, ತಾಮ್ರ ಮತ್ತು ಮರದ ಕೊಳವೆಗಳಿಂದ ಒಂದೇ ಒಳ ಅಳತೆಯ ಕೊಳಲುಗಳನ್ನು ಮಾಡಿ, ಕಾಣದಂತೆ ನುಡಿಸಿ ಕೇಳಿಸಿದಾಗ, ಕೇಳುಗರು ಅವುಗಳನ್ನು ಬೇರೆ ಬೇರೆಯಾಗಿ ಗುರುತಿಸಲಾರದೆ ಹೋದರು.

ಹಾಗಾದರೆ ಗೋಡೆಗೆ ಯಾವ ಪಾತ್ರವೂ ಇಲ್ಲವೇ? ಇದೆ, ಆದರೆ ಅದು ಗೋಡೆಯ ಒಳಮೈಗೆ ಸೇರಿದ್ದು. ಗೋಡೆಗೆ ತಾಗಿದ ತೆಳುವಾದ ಪದರದಲ್ಲಿ ಗಾಳಿಯ ಸ್ನಿಗ್ಧತೆಯಿಂದ ಮತ್ತು ಉಷ್ಣವಹನದಿಂದ ಶಕ್ತಿ ನಷ್ಟವಾಗುತ್ತದೆ. 147 ಹರ್ಟ್ಸ್ ಆವೃತ್ತಿಯಲ್ಲಿ ಈ ಪದರದ ದಪ್ಪ ಸುಮಾರು 0.18 ಮಿ.ಮೀ.; ಅದರ ಹತ್ತರಷ್ಟು ಆವೃತ್ತಿಯಲ್ಲಿ ಸುಮಾರು 0.06 ಮಿ.ಮೀ. ಒಳಮೈ ಒರಟಾಗಿದ್ದರೆ ಅಥವಾ ಮರದ ನಾರುಗಳು ಎದ್ದು ನಿಂತಿದ್ದರೆ ನಷ್ಟ ಹೆಚ್ಚುತ್ತದೆ. ಸ್ವರರಂಧ್ರಗಳ ಅಂಚು ಚೂಪಾಗಿದೆಯೇ, ತುಸು ದುಂಡಾಗಿದೆಯೇ ಎಂಬುದೂ ಮುಖ್ಯ. ಚೂಪಾದ ಅಂಚಿನಲ್ಲಿ ಗಾಳಿ ಸುಳಿಯಾಗಿ ಶಕ್ತಿ ಕಳೆಯುತ್ತದೆ. ಉತ್ತಮ ವಾದ್ಯಗಳಲ್ಲಿ ರಂಧ್ರಗಳ ಒಳ ಅಂಚನ್ನು ಕೆತ್ತಿ ಸರಿಪಡಿಸಿರುತ್ತಾರೆ. ದುಬಾರಿ ಮರದ ವಾದ್ಯ ಅಗ್ಗದ ಪ್ಲಾಸ್ಟಿಕ್ ವಾದ್ಯಕ್ಕಿಂತ ಚೆನ್ನಾಗಿ ನುಡಿಯುವುದು ಸಾಮಾನ್ಯವಾಗಿ ನಿಜ. ಅದಕ್ಕೆ ಕಾರಣ ಈ ಕೈಕೆಲಸ, ಒಳ ಅಳತೆಗಳ ನಿಖರತೆ ಮತ್ತು ಒಳ್ಳೆಯ ಮೌತ್‌ಪೀಸು. ಮರದ ಜಾತಿಗೆ ಆ ಶ್ರೇಯ ಸಲ್ಲುವುದಿಲ್ಲ.

ಬಳಕೆಯಲ್ಲಿರುವ ವಸ್ತುಗಳು

ಕರಿಮರ: ವೃತ್ತಿಪರ ಕ್ಲಾರಿನೆಟ್‌ಗಳು ಆಫ್ರಿಕದ ಕರಿಮರದಿಂದ ಆಗುತ್ತವೆ. ವ್ಯಾಪಾರದಲ್ಲಿ ಇದಕ್ಕೆ ಗ್ರೆನಡಿಲ್ಲ ಎಂಬ ಹೆಸರಿದೆ. ಸಸ್ಯಶಾಸ್ತ್ರದಲ್ಲಿ ಇದು ಡಾಲ್ಬರ್ಜಿಯ ಮೆಲನಾಕ್ಸಿಲಾನ್. ನಮ್ಮ ಪಶ್ಚಿಮಘಟ್ಟದ ಬೀಟೆ ಮರದ ಕುಲವೇ. ಬೀಟೆ ಒಣಗಿದ ಮೇಲೆ ನೀರಿನಲ್ಲಿ ತೇಲುತ್ತದೆ; ಸುಮಾರು 1.25 ಸಾಪೇಕ್ಷ ಸಾಂದ್ರತೆಯ ಕರಿಮರ ಮುಳುಗುತ್ತದೆ. ನುಣುಪಾಗಿ ಕೊರೆಯಲು, ತಿರುಪು ಕೂರಿಸಲು ಇದು ಬಹಳ ಯೋಗ್ಯ. ಟಾಂಜಾನಿಯ, ಮೊಜಾಂಬಿಕ್ ದೇಶಗಳಿಂದ ಬರುವ ಈ ಮರ ನಿಧಾನವಾಗಿ ಬೆಳೆಯುವಂಥದು. 2017ರ ಜನವರಿ 2ರಿಂದ ಇಡೀ ಡಾಲ್ಬರ್ಜಿಯ ಕುಲ ಸೈಟಿಸ್ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಅನುಬಂಧದ ನಿಯಂತ್ರಣಕ್ಕೆ ಒಳಪಟ್ಟಿತು. ಸಿದ್ಧ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ದೊರೆಯಿತು.

ಎಬೊನೈಟ್: ರಬ್ಬರಿಗೆ ಹೆಚ್ಚು ಪ್ರಮಾಣದ ಗಂಧಕ ಸೇರಿಸಿ ಕಾಯಿಸಿದಾಗ ಸಿಗುವ ಗಟ್ಟಿ ಕಪ್ಪು ವಸ್ತು. ಹಳೆಯ ಫೌಂಟನ್ ಪೆನ್ನುಗಳನ್ನು ಬಳಸಿದವರಿಗೆ ಇದರ ಪರಿಚಯವಿರುತ್ತದೆ. ತೇವಕ್ಕೆ ಇದು ಉಬ್ಬುವುದಿಲ್ಲ. ಬೆಳಕಿಗೆ ಒಡ್ಡಿದರೆ ಮೇಲ್ಮೈಯ ಗಂಧಕ ಉತ್ಕರ್ಷಣೆಗೊಂಡು ಬಣ್ಣ ಹಸಿರುಮಿಶ್ರಿತ ಕಂದಿಗೆ ತಿರುಗುತ್ತದೆ. ಬಿದ್ದರೆ ಒಡೆಯಬಹುದು. ಇಂದಿಗೂ ಒಳ್ಳೆಯ ಮೌತ್‌ಪೀಸುಗಳು ಎಬೊನೈಟ್‌ನವೇ.

ಎ.ಬಿ.ಎಸ್. ಪ್ಲಾಸ್ಟಿಕ್: ಅಕ್ರಿಲೊನೈಟ್ರೈಲ್, ಬ್ಯುಟಡೈಈನ್, ಸ್ಟೈರೀನ್ ಎಂಬ ಮೂರು ಘಟಕಗಳ ಪಾಲಿಮರ್. ಬ್ಯುಟಡೈಈನ್ ರಬ್ಬರಿನ ಅಂಶ ಇರುವುದರಿಂದ ಪೆಟ್ಟು ತಾಳುತ್ತದೆ. ಸಾಪೇಕ್ಷ ಸಾಂದ್ರತೆ ಸುಮಾರು 1.05. ಇಂದಿನ ವಿದ್ಯಾರ್ಥಿ ಕ್ಲಾರಿನೆಟ್‌ಗಳ ಪೈಕಿ ಹೆಚ್ಚಿನವು ಇದರಿಂದಲೇ ಆದವು. ಯಮಹಾದ ವೈ.ಸಿ.ಎಲ್.-255, ಬುಫೆ ಕ್ರಾಂಪೊನ್‌ನ ಪ್ರೊಡೀಜ್ ಈ ಗುಂಪಿಗೆ ಸೇರುತ್ತವೆ. ಅದೇ ತಯಾರಕರ ವೈ.ಸಿ.ಎಲ್.-450 ಮತ್ತು ಇ-11 ಕರಿಮರದವು; ಇವು ಕಲಿಕೆಯ ಮುಂದಿನ ಹಂತಕ್ಕೆ.

ಮರದ ಪುಡಿಯ ಸಂಯುಕ್ತ: ಕರಿಮರ ಕೆತ್ತುವಾಗ ಬಹಳಷ್ಟು ಮರ ಪುಡಿಯಾಗಿ ಹೋಗುತ್ತದೆ. ಈ ಪುಡಿಗೆ ಕಾರ್ಬನ್ ನಾರು ಮತ್ತು ರಾಳ ಸೇರಿಸಿ ಒತ್ತಿ ಮಾಡಿದ ವಸ್ತುವಿನ ವಾದ್ಯಗಳನ್ನು ಬುಫೆ ಕ್ರಾಂಪೊನ್ 1990ರ ದಶಕದಲ್ಲಿ 'ಗ್ರೀನ್‌ಲೈನ್' ಎಂಬ ಹೆಸರಿನಲ್ಲಿ ತಂದಿತು. ಇದು ಮರದಂತೆ ಸೀಳುವುದಿಲ್ಲ. ನಾರಿನ ದಿಕ್ಕು ಇಲ್ಲದ ಕಾರಣ, ಬಲವಾದ ಪೆಟ್ಟು ಬಿದ್ದರೆ ಜೋಡಣೆಯ ಕಡೆ ಅಡ್ಡಲಾಗಿ ತುಂಡಾಗುವ ಸಾಧ್ಯತೆ ಇದೆ. ಬೆಲೆ ವಿದ್ಯಾರ್ಥಿಯ ಕೈಗೆ ಎಟುಕುವಂಥದಲ್ಲ.

ಲೋಹ: 20ನೆಯ ಶತಮಾನದ ಮೊದಲ ಭಾಗದಲ್ಲಿ ಅಮೆರಿಕದ ಶಾಲಾ ಬ್ಯಾಂಡುಗಳಲ್ಲಿ ಲೋಹದ ಕ್ಲಾರಿನೆಟ್‌ಗಳು ಹೇರಳವಾಗಿದ್ದವು. ಪ್ಲಾಸ್ಟಿಕ್ ಬಂದ ಮೇಲೆ ಅವು ಹಿಂದೆ ಸರಿದವು. ಈಗ ಅವು ಹಳೆಯ ಸಂಗ್ರಹಗಳಲ್ಲಿ ಸಿಗುತ್ತವೆ. ಬಿಡಿಭಾಗ ಸಿಗುವುದು ಬಹಳ ಕಷ್ಟ.

ಬಿಸಿ ಮತ್ತು ತೇವ

ನಾದದ ವಿಷಯದಲ್ಲಿ ವಸ್ತುಗಳ ನಡುವೆ ವ್ಯತ್ಯಾಸ ಕಡಿಮೆ; ಬಾಳಿಕೆಯ ವಿಷಯದಲ್ಲಿ ಬಹಳ. ಮೊದಲು ಉಷ್ಣತೆಯನ್ನು ತೆಗೆದುಕೊಳ್ಳೋಣ. ಬಿಸಿಲಿಗೆ ಪ್ಲಾಸ್ಟಿಕ್ ಹಿಗ್ಗಿ ಶ್ರುತಿ ಕೆಡುತ್ತದೆ ಎಂಬ ಅಂಜಿಕೆ ಕೆಲವರಿಗಿದೆ. ಎ.ಬಿ.ಎಸ್.ನ ರೇಖೀಯ ವ್ಯಾಕೋಚನ ಗುಣಾಂಕ ಡಿಗ್ರಿಗೆ ಸುಮಾರು 0.00009. ಉಷ್ಣತೆ 20ರಿಂದ 30 ಡಿಗ್ರಿ ಸೆಲ್ಸಿಯಸ್‌ಗೆ ಏರಿದರೆ ವಾದ್ಯ ಶೇಕಡ 0.09ರಷ್ಟು ಉದ್ದವಾಗುತ್ತದೆ. ಒಂದು ಅರ್ಧಸ್ವರವನ್ನು 100 ಸೆಂಟ್ ಎಂದು ಭಾಗಿಸುವ ಅಳತೆಯಲ್ಲಿ ಶ್ರುತಿ ಸುಮಾರು 1.6 ಸೆಂಟ್ ಇಳಿಯುತ್ತದೆ. ಅದೇ ಹೊತ್ತಿಗೆ ಒಳಗಿನ ಗಾಳಿಯಲ್ಲಿ ಶಬ್ದದ ವೇಗ ನಿರಪೇಕ್ಷ ಉಷ್ಣತೆಯ ವರ್ಗಮೂಲಕ್ಕೆ ಅನುಗುಣವಾಗಿ ಶೇಕಡ 1.7ರಷ್ಟು ಹೆಚ್ಚುತ್ತದೆ, ಶ್ರುತಿ ಸುಮಾರು 29 ಸೆಂಟ್ ಏರುತ್ತದೆ. ಎಂದರೆ ಗಾಳಿಯ ಪರಿಣಾಮ ಪ್ಲಾಸ್ಟಿಕ್ಕಿನ ಪರಿಣಾಮದ ಸುಮಾರು 18ರಷ್ಟು. ಬಿಸಿಲಲ್ಲಿ ಶ್ರುತಿ ಏರುವುದಕ್ಕೆ ಗಾಳಿಯೇ ಕಾರಣ. ಮರದ ವಾದ್ಯದಲ್ಲೂ ಅದು ಹಾಗೆಯೇ ಏರುತ್ತದೆ.

ಬಿಸಿಲಿನಿಂದ ನಿಜವಾದ ಅಪಾಯ ಬೇರೆ ಕಡೆ ಇದೆ. ಪ್ಯಾಡುಗಳನ್ನು ಕೀಗಳ ಬಟ್ಟಲಿಗೆ ಅಂಟಿಸಲು ಅರಗನ್ನಾಗಲಿ, ಬಿಸಿಗೆ ಕರಗುವ ಅಂಟನ್ನಾಗಲಿ ಬಳಸುತ್ತಾರೆ. ಮುಚ್ಚಿದ ಕಾರನ್ನು ಬೇಸಗೆಯ ಬಿಸಿಲಿನಲ್ಲಿ ನಿಲ್ಲಿಸಿದಾಗ ಒಳಗಿನ ಬಿಸಿಗೆ ಈ ಅಂಟು ಮೆದುವಾಗಿ ಪ್ಯಾಡು ಜಾರುತ್ತದೆ. ಇದಕ್ಕೆ ಮರದ ವಾದ್ಯವೆಂಬ ರಿಯಾಯಿತಿ ಇಲ್ಲ.

ಇನ್ನು ತೇವ. ಊದಿದ ಉಸಿರು ದೇಹದ ಬಿಸಿಗೆ ಹತ್ತಿರದಲ್ಲಿದ್ದು, ನೀರಾವಿಯಿಂದ ಬಹುಮಟ್ಟಿಗೆ ತುಂಬಿರುತ್ತದೆ. ಮರದ ವಾದ್ಯದ ಒಳಪದರ ಈ ತೇವವನ್ನು ಹೀರಿ ಉಬ್ಬುತ್ತದೆ. ಹೊರಪದರ ಒಣಗಿಯೇ ಇರುತ್ತದೆ. ಒಳಗಿನದು ಹಿಗ್ಗಲು ಒತ್ತಿದಾಗ ಹೊರಪದರ ಸುತ್ತಲೂ ಎಳೆತಕ್ಕೆ ಸಿಲುಕುತ್ತದೆ. ಮರ ನಾರಿನ ಉದ್ದಕ್ಕೆ ಬಲಿಷ್ಠ, ಅಡ್ಡಕ್ಕೆ ದುರ್ಬಲ. ಆದ್ದರಿಂದ ಬಿರುಕು ಉದ್ದುದ್ದವಾಗಿ, ಹೆಚ್ಚಾಗಿ ಮೇಲಿನ ತುಂಡಿನಲ್ಲಿ, ಸ್ವರರಂಧ್ರವನ್ನೋ ತಿರುಪಿನ ಗುಳಿಯನ್ನೋ ಹಾಯ್ದು ಬರುತ್ತದೆ. ಮಳೆಗಾಲದ ಮಂಗಳೂರಿನಿಂದ ಬೇಸಗೆಯ ಕಲಬುರಗಿಗೆ ಒಯ್ದ ಮರದ ವಾದ್ಯ ಎಂಥ ಪರೀಕ್ಷೆಗೆ ಒಳಗಾಗುತ್ತದೆ ಎಂಬುದನ್ನು ಊಹಿಸಬಹುದು. ಹೊಸ ಮರದ ವಾದ್ಯವನ್ನು ಮೊದಲ ಕೆಲವು ವಾರ ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ ನುಡಿಸಬೇಕು, ನುಡಿಸಿದ ಮೇಲೆ ಒಳಗೆ ಬಟ್ಟೆ ಎಳೆದು ಒರೆಸಬೇಕು ಎಂಬ ಸಲಹೆಯ ಹಿಂದೆ ಇರುವುದು ಈ ವಿಜ್ಞಾನವೇ. ಹನ್ನೆರಡು ವರ್ಷದ ಮಗು ಇದನ್ನು ತಪ್ಪದೆ ಪಾಲಿಸೀತೆಂದು ನಿರೀಕ್ಷಿಸುವುದು ಕಷ್ಟ. ಎ.ಬಿ.ಎಸ್. ವಾದ್ಯಕ್ಕೆ ಈ ಬಿರುಕಿನ ಭಯವಿಲ್ಲ; ಪ್ಯಾಡುಗಳ ಸಲುವಾಗಿ ಒರೆಸುವ ಅಭ್ಯಾಸ ಮಾತ್ರ ಅದಕ್ಕೂ ಬೇಕು.

ಸೋರಿಕೆ ಎಂಬ ಮುಖ್ಯ ಶತ್ರು

ವಿದ್ಯಾರ್ಥಿಯ ವಾದ್ಯ ಸರಿಯಾಗಿ ನುಡಿಯದಿರುವುದಕ್ಕೆ ಬಹುಸಾಮಾನ್ಯ ಕಾರಣ ಗಾಳಿಯ ಸೋರಿಕೆ. ಅದನ್ನು ಅರ್ಥ ಮಾಡಿಕೊಳ್ಳಲು ವಾದ್ಯದಲ್ಲೇ ಇರುವ ಒಂದು ಸಣ್ಣ ರಂಧ್ರವನ್ನು ನೋಡಬೇಕು. ಹೆಬ್ಬೆರಳಿನ ಬಳಿ ಇರುವ ರಿಜಿಸ್ಟರ್ ಕೀ ಒತ್ತಿದಾಗ ಸುಮಾರು 3 ಮಿ.ಮೀ. ವ್ಯಾಸದ ರಂಧ್ರ ತೆರೆಯುತ್ತದೆ. ಮೂಲಸ್ವರದ ತರಂಗಕ್ಕೆ ಆ ಜಾಗದಲ್ಲಿ ಒತ್ತಡದ ಏರಿಳಿತ ಹೆಚ್ಚು. ಆದ್ದರಿಂದ ರಂಧ್ರ ಅದನ್ನು ಕೆಡಿಸುತ್ತದೆ. ಮೂರನೆಯ ಸಂಗತಕ್ಕೆ ಮುಚ್ಚಿದ ತುದಿಯಿಂದ ಮೂರನೆಯ ಒಂದು ದೂರದಲ್ಲಿ ಒತ್ತಡದ ಏರಿಳಿತ ಇರುವುದಿಲ್ಲ. ಅದರ ಆಸುಪಾಸಿನಲ್ಲಿರುವ ರಂಧ್ರದಿಂದ ಅದಕ್ಕೆ ತೊಂದರೆಯಾಗದು. ಫಲವಾಗಿ ಮೂಲಸ್ವರ ಅಡಗಿ, ಮೂರರಷ್ಟು ಆವೃತ್ತಿಯ ಸ್ವರ ಕೇಳಿಸುತ್ತದೆ. ಇಡೀ ವಾದ್ಯವನ್ನು ಮೇಲಿನ ಸ್ಥಾಯಿಗೆ ಹಾರಿಸುವ ಈ ರಂಧ್ರ ಬೇಕೆಂದೇ ಮಾಡಿದ ಸೋರಿಕೆ.

ಬೇಡದ ಕಡೆ ಸೋರಿದರೂ ಇದೇ ತತ್ತ್ವ ಕೆಲಸ ಮಾಡುತ್ತದೆ. ಕೆಳಗಿನ ಸ್ವರ ಹಿಡಿದರೂ ವಾದ್ಯ ಕಿರುಚುತ್ತದೆ, ಅಥವಾ ಸ್ವರವೇ ಏಳುವುದಿಲ್ಲ. 17 ಮಿ.ಮೀ. ವ್ಯಾಸದ ದೊಡ್ಡ ಪ್ಯಾಡೊಂದು ಅರ್ಧ ಸುತ್ತಿನಲ್ಲಿ 0.05 ಮಿ.ಮೀ.ನಷ್ಟು ಮೇಲೆದ್ದಿದೆ ಎಂದುಕೊಳ್ಳೋಣ. ಇದು ಕೂದಲೆಳೆಗಿಂತಲೂ ತೆಳುವಾದ ಸಂದು. ಸಂದಿನ ಉದ್ದ ಸುಮಾರು 27 ಮಿ.ಮೀ., ವಿಸ್ತೀರ್ಣ ಸುಮಾರು 1.3 ಚದರ ಮಿ.ಮೀ. ಅದು 1.3 ಮಿ.ಮೀ. ವ್ಯಾಸದ ರಂಧ್ರದ ವಿಸ್ತೀರ್ಣಕ್ಕೆ ಸಮ. ತೆಳುವಾದ ಸಂದಿನಲ್ಲಿ ಸ್ನಿಗ್ಧತೆಯ ತಡೆ ಇರುವುದರಿಂದ ದುಂಡು ರಂಧ್ರದಷ್ಟು ಪ್ರಬಲವಾಗಿ ಅದು ಕೆಲಸ ಮಾಡದು. ಆದರೂ ಶಕ್ತಿನಷ್ಟ ಸಾಕಷ್ಟು ಆಗುತ್ತದೆ. ಸಾಮಾನ್ಯ ಬೋಹಮ್ ಪದ್ಧತಿಯ ಕ್ಲಾರಿನೆಟ್ಟಿನಲ್ಲಿ 17 ಕೀಗಳಿವೆ. ಅವುಗಳ ಪ್ಯಾಡುಗಳು ಮುಚ್ಚಬೇಕಾದ ಅಂಚುಗಳನ್ನೆಲ್ಲ ಸೇರಿಸಿದರೆ ಸುಮಾರು ಅರ್ಧ ಮೀಟರ್ ಆಗುತ್ತದೆ. ಅಷ್ಟು ಉದ್ದಕ್ಕೂ ಗಾಳಿ ಸೋರದಂತೆ ವರ್ಷಗಟ್ಟಲೆ ನೋಡಿಕೊಳ್ಳುವುದೇ ಕ್ಲಾರಿನೆಟ್ ನಿರ್ವಹಣೆಯ ತಿರುಳು.

ಸೋರುವ ವಾದ್ಯದಲ್ಲಿ ಕಲಿಯುವ ಮಗು ತನ್ನ ತುಟಿಯ ಹಿಡಿತವೋ ಬೆರಳೋ ಸರಿಯಿಲ್ಲವೆಂದು ತಿಳಿಯುತ್ತದೆ. ಇನ್ನಷ್ಟು ಬಿಗಿಯಾಗಿ ಕಚ್ಚುತ್ತದೆ, ಇನ್ನಷ್ಟು ಜೋರಾಗಿ ಊದುತ್ತದೆ. ತಪ್ಪು ಅಭ್ಯಾಸಗಳು ಬೇರೂರುವುದು ಹೀಗೆ. ವಾದ್ಯದ ಬಿಡಿಭಾಗ ಸಿಗುತ್ತದೆಯೇ ಎಂಬ ಪ್ರಶ್ನೆ ಕಲಿಕೆಯ ಪ್ರಶ್ನೆಯೂ ಆಗುವುದು ಈ ಕಾರಣದಿಂದ.

ಬಿಡಿಭಾಗಗಳ ಮೂರು ಗುಂಪು

ಸಿಗುವ ಸುಲಭವನ್ನು ಅನುಸರಿಸಿ ಬಿಡಿಭಾಗಗಳನ್ನು ಮೂರು ಗುಂಪು ಮಾಡಬಹುದು.

ಮೊದಲ ಗುಂಪು, ಅಳತೆ ಹೇಳಿ ಕೊಳ್ಳಬಹುದಾದವು. ಪ್ಯಾಡು, ಜೋಡಣೆಯ ಕಾರ್ಕು, ಸೂಜಿ ಸ್ಪ್ರಿಂಗು, ರೀಡು ಇದಕ್ಕೆ ಸೇರುತ್ತವೆ. ಪ್ಯಾಡೆಂದರೆ ಫೆಲ್ಟ್ ಬಿಲ್ಲೆಯ ಮೇಲೆ ತೆಳುವಾದ ಪೊರೆ ಸುತ್ತಿದ್ದು. ಕಾರ್ಕಿನವೂ ಕೃತಕ ವಸ್ತುವಿನವೂ ಇವೆ. ಇವುಗಳನ್ನು ಮಿಲಿಮೀಟರಿನಲ್ಲಿ ಅಳೆದು ಮಾರುತ್ತಾರೆ. ಯಾವ ತಯಾರಕರ ವಾದ್ಯವಾದರೂ ಸರಿಯಾದ ವ್ಯಾಸ ಮತ್ತು ದಪ್ಪದ ಪ್ಯಾಡು ಸಾಕು. ಸ್ಪ್ರಿಂಗು ತುಂಡಾದರೆ ನುರಿತ ರಿಪೇರಿಗಾರ ಹೊಲಿಗೆ ಸೂಜಿಯನ್ನು ಹದಮಾಡಿ ಕೂರಿಸಬಲ್ಲ. ಕರಾವಳಿಯ ತೇವದಲ್ಲಿ ಉಕ್ಕಿನ ಸ್ಪ್ರಿಂಗು ತುಕ್ಕು ಹಿಡಿಯುವುದರಿಂದ ಈ ಕೆಲಸ ಮೇಲಿಂದ ಮೇಲೆ ಬರುತ್ತದೆ.

ಎರಡನೆಯ ಗುಂಪು, ಸ್ವಲ್ಪ ಹೊಂದಿಸಿದರೆ ಸಾಕಾಗುವವು. ಮೌತ್‌ಪೀಸು, ರೀಡು ಬಿಗಿಯುವ ಪಟ್ಟಿ, ಬ್ಯಾರೆಲ್. ಒಂದು ತಯಾರಕರ ಬಿ-ಫ್ಲ್ಯಾಟ್ ಮೌತ್‌ಪೀಸು ಇನ್ನೊಬ್ಬರ ವಾದ್ಯಕ್ಕೆ ಕಾರ್ಕನ್ನು ಉಜ್ಜಿಯೋ ದಪ್ಪ ಮಾಡಿಯೋ ಹೊಂದುತ್ತದೆ. ಬ್ಯಾರೆಲ್‌ನ ಉದ್ದ, ಒಳವ್ಯಾಸ ಬೇರೆಯಾದರೆ ಶ್ರುತಿ ಬದಲಾಗುತ್ತದೆ, ಅಳೆದು ಕೊಳ್ಳಬೇಕು. ಆರಂಭದ ವಾದ್ಯದ ನಾದ ಸುಧಾರಿಸಬೇಕೆಂದರೆ ಮೊದಲು ಬದಲಿಸಬೇಕಾದ್ದು ಮೌತ್‌ಪೀಸು. ಮರದ ವಾದ್ಯಕ್ಕೆ ಕೊಡುವ ಹೆಚ್ಚುವರಿ ಹಣದ ಒಂದು ಸಣ್ಣ ಪಾಲಿನಿಂದ ಇದು ಸಾಧ್ಯ.

ಮೂರನೆಯ ಗುಂಪು, ಆಯಾ ತಯಾರಕರಿಂದಲೇ ಬರಬೇಕಾದವು. ಕೀಗಳು, ಅವು ತಿರುಗುವ ಸರಳುಗಳು, ತುದಿಯ ಸಣ್ಣ ತಿರುಪುಗಳು, ಕೀ ನಿಲ್ಲುವ ಕಂಬಗಳು, ಕೊಳವೆಯ ತುಂಡುಗಳು. ತಿರುಪಿನ ಸುತ್ತಿನ ಅಳತೆಯಲ್ಲಿ ತಯಾರಕರ ನಡುವೆ ಏಕರೂಪತೆ ಇಲ್ಲ. ನೋಡಲು ಒಂದೇ ರೀತಿ ಇರುವ ಎರಡು ವಾದ್ಯಗಳ ಕೀಗಳು ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ. ಒಂದೇ ಕಾರ್ಖಾನೆಯ ವಾದ್ಯ ಬೇರೆ ಬೇರೆ ಅಂಗಡಿಗಳ ಹೆಸರಿನಲ್ಲಿ ಮಾರಾಟವಾಗುವುದೂ ಉಂಟು. ಅಂಥ ವಾದ್ಯಕ್ಕೆ ಮಾದರಿ ಸಂಖ್ಯೆಯೇ ಇಲ್ಲದಿದ್ದರೆ ಬಿಡಿಭಾಗವನ್ನು ಯಾರಲ್ಲಿ ಕೇಳಬೇಕು ಎಂಬುದೇ ತಿಳಿಯದು. ಮಾದರಿ ಸಂಖ್ಯೆ, ಕ್ರಮಸಂಖ್ಯೆ, ಬಿಡಿಭಾಗಗಳ ಪಟ್ಟಿ ಇರುವ ತಯಾರಕರ ವಾದ್ಯಕ್ಕೆ ಹೆಚ್ಚು ಬೆಲೆ ಕೊಡುವುದು ಯುಕ್ತವಾಗುವುದು ಈ ಮೂರನೆಯ ಗುಂಪಿನ ಸಲುವಾಗಿ. ಮಾದರಿ ನಿಂತುಹೋದ ಮೇಲೂ ಭಾಗಗಳು ದೊರೆಯುವವೇ ಎಂಬುದನ್ನು ಕೇಳಿ ತಿಳಿಯಬೇಕು. ಉದಾಹರಣೆಗೆ, ಬಹುಕಾಲ ಬಳಕೆಯಲ್ಲಿದ್ದ ಯಮಹಾ ವೈ.ಸಿ.ಎಲ್.-250ರ ಜಾಗಕ್ಕೆ 255 ಬಂದಿದೆ. ಹಳೆಯದನ್ನು ಕೊಳ್ಳುವವರು ಅದರ ಕೀಗಳ ಲಭ್ಯತೆಯನ್ನು ಪ್ರತ್ಯೇಕವಾಗಿ ವಿಚಾರಿಸಬೇಕು.

ಕೀಗಳ ಲೋಹವನ್ನು ಮರೆಯಬೇಡಿ

ಕೊಳವೆಯ ವಸ್ತುವಿನ ಬಗ್ಗೆ ಇಷ್ಟು ಚರ್ಚೆ ನಡೆದರೂ ಕೀಗಳ ಲೋಹದ ಬಗ್ಗೆ ಕೇಳುವವರು ಕಡಿಮೆ. ಒಳ್ಳೆಯ ಕೀಗಳು ನಿಕ್ಕಲ್ ಸಿಲ್ವರ್‌ನವು. ನಮ್ಮಲ್ಲಿ ಜರ್ಮನ್ ಸಿಲ್ವರ್ ಎನ್ನುತ್ತಾರೆ. ಹೆಸರಿನಲ್ಲಿ ಬೆಳ್ಳಿ ಇದ್ದರೂ ಇದು ತಾಮ್ರ, ನಿಕ್ಕಲ್ ಮತ್ತು ಸತುವಿನ ಮಿಶ್ರಲೋಹ. ಬಾಗಿದರೆ ಮತ್ತೆ ನೇರ ಮಾಡಬಹುದು. ಮುರಿದರೆ ಬೆಳ್ಳಿ ಬೆಸುಗೆ ಹಾಕಬಹುದು. ಅತಿ ಅಗ್ಗದ ಕೆಲವು ವಾದ್ಯಗಳಲ್ಲಿ ಸತುವು ಪ್ರಧಾನವಾದ ಎರಕದ ಮಿಶ್ರಲೋಹದ ಕೀಗಳಿರುತ್ತವೆ. ಇವು ಬಾಗುವ ಬದಲು ಲಟಕ್ಕೆಂದು ಮುರಿಯುತ್ತವೆ. ಅಂಥ ಮಿಶ್ರಲೋಹ ಸುಮಾರು 385 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ. ಬೆಳ್ಳಿ ಬೆಸುಗೆಗೆ 600 ಡಿಗ್ರಿಗೂ ಮೀರಿದ ಬಿಸಿ ಬೇಕು. ಬೆಸುಗೆ ಕರಗುವ ಮೊದಲೇ ಕೀ ಕರಗಿಹೋಗುತ್ತದೆ. ಹೀಗಾಗಿ ಮುರಿದ ಕೀಗೆ ಬದಲಿ ಕೀ ಒಂದೇ ದಾರಿ, ಅದು ಸಿಗದಿದ್ದರೆ ವಾದ್ಯ ಮುಗಿದಂತೆ. ಮೇಲಿನ ಹೊಳೆಯುವ ಲೇಪ ಎರಡರಲ್ಲೂ ಒಂದೇ ರೀತಿ ಇರುವುದರಿಂದ ಕಣ್ಣಿಗೆ ವ್ಯತ್ಯಾಸ ಕಾಣದು. ಕೊಳ್ಳುವಾಗ ಕೇಳಿ, ರಸೀದಿಯಲ್ಲಿ ಬರೆಸಿಕೊಳ್ಳುವುದು ಒಳಿತು.

ಕೊಳವೆಯ ರಿಪೇರಿಯಲ್ಲೂ ವಸ್ತುವಿಗೆ ತಕ್ಕ ವಿಧಾನ ಬೇಕು. ಮರದ ಬಿರುಕನ್ನು ಅಂಟಿನಿಂದ ತುಂಬಿ, ಅಡ್ಡಲಾಗಿ ಸಣ್ಣ ಲೋಹದ ಕಡ್ಡಿ ಕೂರಿಸಿ ಅಥವಾ ಕಾರ್ಬನ್ ನಾರಿನ ಪಟ್ಟಿ ಸುತ್ತಿ ನಿಲ್ಲಿಸುತ್ತಾರೆ. ಅದಕ್ಕೆ ಅನುಭವಿ ಕೈ ಬೇಕು. ಎ.ಬಿ.ಎಸ್. ಅಸಿಟೋನಿನಲ್ಲಿ ಕರಗುವುದರಿಂದ ಮುರಿದ ಮುಖಗಳನ್ನು ತಕ್ಕ ದ್ರಾವಕದಿಂದ ಒಂದಾಗಿ ಬೆಸೆಯಬಹುದು. ಇದೇ ಕಾರಣಕ್ಕೆ ಪ್ಲಾಸ್ಟಿಕ್ ವಾದ್ಯವನ್ನು ಉಗುರುಬಣ್ಣ ತೆಗೆಯುವ ದ್ರವದಿಂದ ಎಂದೂ ಒರೆಸಬಾರದು.

ಕೊಳ್ಳುವ ಮುನ್ನ ಮಾಡಬಹುದಾದ ಪರೀಕ್ಷೆಗಳು

1. ಮೇಲಿನ ತುಂಡನ್ನು ಬೇರ್ಪಡಿಸಿ, ಬೆರಳುಗಳಿಂದ ರಂಧ್ರಗಳನ್ನು ಮುಚ್ಚಿ, ಕೆಳತುದಿಯನ್ನು ಅಂಗೈಗೆ ಒತ್ತಿ, ಮೇಲ್ತುದಿಯಿಂದ ಮೆಲ್ಲಗೆ ಗಾಳಿಯನ್ನು ಹೀರಿ. ಸೋರಿಕೆ ಇಲ್ಲದಿದ್ದರೆ ನಿರ್ವಾತ ಕೆಲವು ಸೆಕೆಂಡು ನಿಲ್ಲುತ್ತದೆ. ಕೆಳಗಿನ ತುಂಡಿಗೂ ಹೀಗೆಯೇ ಮಾಡಿ. ಅಲ್ಲಿ ತೆರೆದಿರುವ ಕೀಗಳನ್ನು ಒತ್ತಿ ಹಿಡಿಯಬೇಕು.

2. ಸಿಗರೇಟು ಕಾಗದದಂಥ ತೆಳುವಾದ ಕಾಗದದ ಕಿರುಪಟ್ಟಿಯನ್ನು ಪ್ಯಾಡಿನ ಅಡಿಯಲ್ಲಿಟ್ಟು, ಕೀ ಮುಚ್ಚಿ, ಮೆಲ್ಲಗೆ ಎಳೆಯಿರಿ. ಸುತ್ತಲೂ ನಾಲ್ಕು ಕಡೆ ಒಂದೇ ರೀತಿಯ ಹಿಡಿತ ಸಿಗಬೇಕು.

3. ಕೀಗಳನ್ನು ಪಕ್ಕಕ್ಕೆ ಅಲುಗಿಸಿ ನೋಡಿ. ಹೆಚ್ಚು ಅಲುಗಾಡಿದರೆ ಪ್ಯಾಡು ಪ್ರತಿ ಸಲವೂ ಬೇರೆ ಜಾಗದಲ್ಲಿ ಕೂರುತ್ತದೆ.

4. ಮರದ ವಾದ್ಯವಾದರೆ ಮೇಲಿನ ತುಂಡನ್ನು ಬೆಳಕಿಗೆ ಹಿಡಿದು, ರಂಧ್ರಗಳ ಸುತ್ತ ಕೂದಲೆಳೆಯಂಥ ಗೆರೆಗಳಿವೆಯೇ ಎಂದು ಭೂತಗನ್ನಡಿಯಿಂದ ಪರಿಶೀಲಿಸಿ.

5. ಮಾರುವವರಿಗೆ ಒಂದು ನಿರ್ದಿಷ್ಟ ಪ್ರಶ್ನೆ ಕೇಳಿ: 'ಈ ಮಾದರಿಯ ಇಂಥ ಕೀ ಮುರಿದರೆ ಅದೊಂದನ್ನೇ ತರಿಸಿಕೊಡುವಿರಾ? ಎಷ್ಟು ದಿನ, ಎಷ್ಟು ಬೆಲೆ?' ಉತ್ತರ ಖಚಿತವಾಗಿಲ್ಲದಿದ್ದರೆ, ಶಾಲೆಗೆ ಅಂಥ ವಾದ್ಯಗಳನ್ನು ಕೊಳ್ಳದಿರುವುದೇ ಲೇಸು.

ಶಾಲೆಗಳು ಹಲವು ವಾದ್ಯಗಳನ್ನು ಕೊಳ್ಳುವಾಗ ಎಲ್ಲವೂ ಒಂದೇ ಮಾದರಿಯವಾಗಿದ್ದರೆ ಇನ್ನೊಂದು ಅನುಕೂಲವಿದೆ. ಮುಂದೆ ಒಂದು ವಾದ್ಯ ಪೂರ್ತಿ ಕೆಟ್ಟರೂ ಅದರ ಕೀ, ಸರಳು, ತಿರುಪುಗಳು ಉಳಿದವುಗಳಿಗೆ ಒದಗುತ್ತವೆ. ಒಂದು ಕಟ್ಟು ಪ್ಯಾಡು, ಕಾರ್ಕಿನ ಹಾಳೆ, ಕೆಲವು ಸ್ಪ್ರಿಂಗುಗಳನ್ನು ವಾದ್ಯಗಳ ಜೊತೆಯಲ್ಲೇ ಕೊಂಡಿಡುವುದು ಉತ್ತಮ.

ತರಗತಿಯಲ್ಲಿ ಒಂದು ಪ್ರಯೋಗ

ಮೇಲಿನ ಮಾತುಗಳನ್ನು ನಂಬಿಕೆಯ ಮೇಲೆ ಒಪ್ಪಬೇಕಾಗಿಲ್ಲ. ಒಂದು ಕ್ಲಾರಿನೆಟ್ ಮೌತ್‌ಪೀಸು, ರೀಡು, ಸುಮಾರು 15 ಮಿ.ಮೀ. ಒಳವ್ಯಾಸದ ಪಿ.ವಿ.ಸಿ. ಕೊಳವೆ, ಅದೇ ಒಳವ್ಯಾಸದ ಬಿದಿರು ಅಥವಾ ತಾಮ್ರದ ಕೊಳವೆ ಇದ್ದರೆ ಸಾಕು. ಮೌತ್‌ಪೀಸನ್ನು ಕೊಳವೆಯ ತುದಿಗೆ ಸೇರಿಸಿ, ಹೊರಗಿನಿಂದ ರಬ್ಬರ್ ಕೊಳವೆಯ ತುಂಡು ಮತ್ತು ಟೇಪು ಸುತ್ತಿ ಗಾಳಿ ಸೋರದಂತೆ ಮಾಡಿ. ಮೌತ್‌ಪೀಸಿನ ತುದಿಯಿಂದ ಕೊಳವೆಯ ತುದಿಯವರೆಗೆ 40 ಸೆಂ.ಮೀ. ಇರಲಿ. ಮುಚ್ಚಿದ ಕೊಳವೆಯ ಸೂತ್ರದಂತೆ ಆವೃತ್ತಿ 345/(4 × 0.40), ಎಂದರೆ ಸುಮಾರು 216 ಹರ್ಟ್ಸ್. ಮೊಬೈಲಿನಲ್ಲಿ ಸಿಗುವ ಶ್ರುತಿ ಅಳೆಯುವ ತಂತ್ರಾಂಶದಿಂದ ಅಳೆದು ನೋಡಿ. ಮೌತ್‌ಪೀಸಿನ ಒಳ ಆಕಾರ ಸಿಲಿಂಡರ್ ಅಲ್ಲದ್ದರಿಂದಲೂ ತೆರೆದ ತುದಿಯ ತಿದ್ದುಪಡಿಯಿಂದಲೂ ಸ್ವಲ್ಪ ಅಂತರ ಬರುತ್ತದೆ. ಆ ಅಂತರವನ್ನು ವಿವರಿಸುವುದೇ ಒಳ್ಳೆಯ ಅಭ್ಯಾಸ.

ಈಗ ತುದಿಯಿಂದ 13.3 ಸೆಂ.ಮೀ. ದೂರದಲ್ಲಿ 3 ಮಿ.ಮೀ. ರಂಧ್ರ ಕೊರೆದು, ಟೇಪಿನಿಂದ ಮುಚ್ಚಿ ಊದಿ. ನಂತರ ತೆರೆದು ಊದಿ. ಸ್ವರ ಸುಮಾರು ಮೂರರಷ್ಟು ಆವೃತ್ತಿಗೆ ಹಾರುವುದನ್ನು ಕೇಳಬಹುದು. ಮತ್ತೆ ಟೇಪು ಅಂಟಿಸಿ, ಈ ಬಾರಿ ಟೇಪಿಗೆ ಗುಂಡುಪಿನ್ನಿನಿಂದ ಒಂದೇ ಚುಚ್ಚು ಹಾಕಿ ಊದಿ. ಅಷ್ಟು ಸಣ್ಣ ಸೋರಿಕೆಯೂ ನಾದಕ್ಕೆ ಏನು ಮಾಡುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಗುರುತು ಹಾಕಿಕೊಳ್ಳಲಿ. ಚುಚ್ಚುಗಳ ಸಂಖ್ಯೆ ಹೆಚ್ಚಿಸುತ್ತ ಹೋಗಲಿ. ಕೊನೆಗೆ, ಕಾಣದಂತೆ ಪರದೆಯ ಹಿಂದೆ ನಿಂತು ಪಿ.ವಿ.ಸಿ., ಬಿದಿರು, ತಾಮ್ರದ ಕೊಳವೆಗಳನ್ನು ಒಂದೇ ಉದ್ದಕ್ಕೆ ಕತ್ತರಿಸಿ ನುಡಿಸಿ. ಯಾವುದು ಯಾವುದೆಂದು ತರಗತಿ ಎಷ್ಟು ಸಲ ಸರಿಯಾಗಿ ಹೇಳಿತು ಎಂದು ಲೆಕ್ಕ ಹಾಕಿ. ಬರಿಯ ಊಹೆಯಿಂದ ಮೂರಕ್ಕೆ ಒಂದು ಸಲ ಸರಿಯಾಗುತ್ತದೆ ಎಂಬುದನ್ನು ಹೋಲಿಕೆಗೆ ಇಟ್ಟುಕೊಳ್ಳಬೇಕು. ಬಿದಿರಿನ ಒಳಮೈ ಒರಟಾಗಿದ್ದರೆ ಅದನ್ನು ಮೊದಲು ಉಜ್ಜಿ ನುಣುಪು ಮಾಡುವುದು ಅಗತ್ಯ. ಇಲ್ಲವಾದರೆ ಹೋಲಿಕೆ ವಸ್ತುವಿನದಾಗದೆ ಒರಟುತನದ್ದಾಗುತ್ತದೆ.

ಆಯ್ಕೆ

ಈವರೆಗೆ ನೋಡಿದ್ದನ್ನು ಹೀಗೆ ಸಂಗ್ರಹಿಸಬಹುದು. ಆರಂಭದ ವಿದ್ಯಾರ್ಥಿಗೆ, ಅದರಲ್ಲೂ ಶಾಲೆಯ ಬಳಕೆಗೆ, ಎ.ಬಿ.ಎಸ್. ಕೊಳವೆ, ನಿಕ್ಕಲ್ ಸಿಲ್ವರ್ ಕೀಗಳು, ಮಾದರಿ ಸಂಖ್ಯೆಯಿಂದ ಬಿಡಿಭಾಗ ತರಿಸಬಹುದಾದ ತಯಾರಕರು, ಜೊತೆಗೆ ಒಂದು ಒಳ್ಳೆಯ ಮೌತ್‌ಪೀಸು ತಕ್ಕ ಆಯ್ಕೆ. ಕೈಬದಲಾದ ಹಳೆಯ ವಾದ್ಯವಾದರೂ ಈ ಗುಣಗಳಿದ್ದು, ಹೊಸ ಪ್ಯಾಡು ಹಾಕಿಸಿದ್ದರೆ, ಹೆಸರಿಲ್ಲದ ಹೊಸ ವಾದ್ಯಕ್ಕಿಂತ ಮೇಲು. ಮರದ ವಾದ್ಯಕ್ಕೆ ಕಾಲ ಬರುವುದು ವಿದ್ಯಾರ್ಥಿ ಸ್ಥಿರವಾಗಿ ನುಡಿಸುವ ಹಂತಕ್ಕೆ ಬಂದು, ಅದನ್ನು ಒರೆಸಿ ಕಾಪಾಡುವ ಶಿಸ್ತನ್ನೂ ಕಲಿತ ಮೇಲೆ. ಆಗಲೂ ಅದನ್ನು ಕೊಳ್ಳುವುದು ಒಳ ಅಳತೆಗಳ ನಿಖರತೆಗಾಗಿ ಮತ್ತು ಕೈಕೆಲಸದ ಗುಣಕ್ಕಾಗಿ ಎಂಬ ತಿಳಿವಳಿಕೆ ಇರಲಿ. ವಾದ್ಯದ ಅಂಗಡಿಗೆ ಹೋಗುವ ಮೊದಲು, ಹತ್ತಿರದಲ್ಲಿ ರಿಪೇರಿ ಮಾಡುವವರು ಯಾರು, ಅವರು ಯಾವ ತಯಾರಕರ ಭಾಗಗಳನ್ನು ತರಿಸಬಲ್ಲರು ಎಂದು ವಿಚಾರಿಸಿ, ಆ ಪಟ್ಟಿಯೊಂದಿಗೆ ಅಂಗಡಿಗೆ ಹೋಗುವುದು ಕ್ರಮ.